ಅಪ್ಪನಿಗೆ ಲಕ್ವ ಹೊಡೆದು 4 ತಿಂಗಳು. ಈಗ ಉಸಿರೆಳೆದರೆ ಶಬ್ದ, ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ. ಏನು ಮಾಡಲಿ?

ತೋಟದಮನೆ (ಮೊದಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮದು ತಿಪಟೂರು ಹತ್ತಿರದ ಹಳ್ಳಿ, ತೆಂಗಿನ ತೋಟ. ಅಪ್ಪನಿಗೆ 63 ವರ್ಷ. 4 ತಿಂಗಳ ಹಿಂದೆ ಬೆಳಗಿನ ಜಾವ ಲಕ್ವ ಹೊಡೆಯಿತು. ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಬಾಯಿಯಿಂದ ಪೈಪ್ ಹಾಕಿ 13 ದಿನ ವೆಂಟಿಲೇಟರ್‌ನಲ್ಲಿ ಇಟ್ಟಿದ್ದರು. ಆಮೇಲೆ ಕತ್ತಿನಲ್ಲಿ ತೂತು ಮಾಡಿ ಟ್ರೆಕಿಯೋಸ್ಟಮಿ ಪೈಪ್ ಹಾಕಿದರು. 7 ವಾರ ಆದ ಮೇಲೆ ಅದನ್ನು ತೆಗೆದರು, ತೂತು ತಾನಾಗಿಯೇ ಮುಚ್ಚಿಕೊಂಡಿತು. ಮೂಗಿನ ಪೈಪನ್ನೂ ತೆಗೆದು ಮನೆಗೆ ಕಳಿಸಿದರು. ಕೈ ಕಾಲು ನಿಜಕ್ಕೂ ಸುಧಾರಿಸಿದೆ. ವಾಕರ್ ಹಿಡಿದು ಬಚ್ಚಲವರೆಗೆ ಹೋಗಿ ಬರುತ್ತಾರೆ.

ತೊಂದರೆ ಶುರುವಾಗಿದ್ದು 3 ವಾರದಿಂದ. ಉಸಿರು ಎಳೆದುಕೊಳ್ಳುವಾಗ ಒಂದು ಶಬ್ದ ಬರುತ್ತದೆ. ಮೊದಲು ನಡೆದಾಗ ಮಾತ್ರ ಇತ್ತು, ಈಗ ಸುಮ್ಮನೆ ಕೂತಾಗಲೂ ಕೇಳುತ್ತದೆ. ಇಲ್ಲಿಯ ಡಾಕ್ಟರು ಉಬ್ಬಸ ಇರಬಹುದು ಎಂದು ನೆಬ್ಯುಲೈಸರ್ ಕೊಟ್ಟರು. ದಿನಕ್ಕೆ ಮೂರು ಸಲ ಕೊಡುತ್ತಿದ್ದೇವೆ, ಏನೇನೂ ವ್ಯತ್ಯಾಸ ಇಲ್ಲ. ಅಪ್ಪನಿಗೆ ಮೊದಲು ಉಬ್ಬಸ ಇರಲೇ ಇಲ್ಲ.

ಇನ್ನೊಂದು ನುಂಗುವ ವಿಷಯ. ನಿನ್ನೆ ಬೆಳಿಗ್ಗೆ ಕಾಫಿ ಕೊಟ್ಟೆ. ಮೊದಲ ಗುಟುಕು ಸರಿಯಾಗಿಯೇ ಹೋಯಿತು. ಎರಡನೇ ಗುಟುಕಿಗೆ ಕಣ್ಣಲ್ಲಿ ನೀರು ಬಂತು, ಆದರೆ ಕೆಮ್ಮು ಬರಲಿಲ್ಲ. "ಸಾಕಾಪ್ಪ?" ಎಂದು ಕೇಳಿದೆ. "ಸಾಕು" ಎಂದರು. ಆ "ಸಾಕು" ಬಾಯಿ ತುಂಬ ನೀರಿಟ್ಟುಕೊಂಡು ಹೇಳಿದ ಹಾಗೆ ಇತ್ತು. ಬಾಯಿ ತೆರೆಸಿ ನೋಡಿದೆ, ಒಳಗೆ ಏನೂ ಇಲ್ಲ. ಅಮ್ಮ ತಲೆ ತಟ್ಟಿ "ನೆತ್ತಿಗೆ ಹತ್ತಿದೆ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ" ಎಂದರು. ದಿನಕ್ಕೆ ನಾಲ್ಕೈದು ಸಲ ಹೀಗಾಗುತ್ತದೆ. ಸಂಜೆ ಹೊತ್ತು ಮೈ ಸ್ವಲ್ಪ ಬಿಸಿ ಇರುತ್ತದೆ.

ಎರಡೂ ಒಂದೇ ಕಾಯಿಲೆಯಾ? ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ಹೇಳಿ.

ಮಲೆನಾಡ_ಮನೆ

ನಮ್ಮ ದೊಡ್ಡಪ್ಪನಿಗೂ ಲಕ್ವ ಆದ ಮೇಲೆ ಎದೆಯಲ್ಲಿ ಕಫ ಕಟ್ಟಿ ಗೊರಗೊರ ಅನ್ನುತ್ತಿತ್ತು. ಓಂಕಾಳಿನ ಹೊಗೆ ಕೊಡುತ್ತಿದ್ದೆವು, ಜೇನುತುಪ್ಪ ನಾಲಿಗೆಗೆ ಸವರುತ್ತಿದ್ದೆವು, ರಾತ್ರಿ ಮೂಗಿಗೆ ಎರಡು ಹನಿ ಎಣ್ಣೆ ಬಿಡುತ್ತಿದ್ದೆವು. ಅವರಿಗೆ ಹಿತ ಅನ್ನಿಸುತ್ತಿತ್ತು. ಪ್ರಯತ್ನಿಸಿ ನೋಡಿ, ಧೈರ್ಯವಾಗಿರಿ.

ಐಸಿಯು_ಸಿಸ್ಟರ್

ಮಲೆನಾಡ ಮನೆಯವರೇ, ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ. ಆದರೆ ಈ ರೋಗಿಗೆ ಎಣ್ಣೆ, ಹೊಗೆ ಎರಡೂ ಬೇಡ. ಲಕ್ವ ಆದವರಲ್ಲಿ ಕೆಮ್ಮುವ ಶಕ್ತಿ ಕಮ್ಮಿ ಇರುತ್ತದೆ. ಎಣ್ಣೆಗೆ ಕೆಮ್ಮು ಎಬ್ಬಿಸುವ ಗುಣವೇ ಕಮ್ಮಿ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂರುತ್ತದೆ. ಎಣ್ಣೆಯಿಂದಲೇ ಬರುವ ನ್ಯುಮೋನಿಯಾ ಅಂತ ಒಂದಿದೆ.

ತೋಟದಮನೆಯವರೇ, ನಾನು ಐಸಿಯುನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪೋಸ್ಟ್‌ನಲ್ಲಿ ಒಂದು ಮಾತು ಓದಿ ನಿಂತುಬಿಟ್ಟೆ. ಉಸಿರು ಎಳೆದುಕೊಳ್ಳುವಾಗ ಶಬ್ದ ಎಂದಿದ್ದೀರಿ. ಉಬ್ಬಸದ ಶಬ್ದ ಸಾಮಾನ್ಯವಾಗಿ ಉಸಿರು ಬಿಡುವಾಗ ಜಾಸ್ತಿ, ಎದೆಯಿಂದ ಸಿಳ್ಳೆಯ ಹಾಗೆ ಬರುತ್ತದೆ. ಎಳೆದುಕೊಳ್ಳುವಾಗ ಕತ್ತಿನ ಹತ್ತಿರ ಕರ್ರ್ ಅಂತ ಬಂದರೆ ಅಡ್ಡಿ ಇರುವುದು ಮೇಲೆ, ಗಂಟಲಲ್ಲಿ ಅಥವಾ ಶ್ವಾಸನಾಳದಲ್ಲಿ. ಅದಕ್ಕೆ ಸ್ಟ್ರೈಡರ್ ಎನ್ನುತ್ತಾರೆ.

ಈಗಲೇ ಒಂದು ಕೆಲಸ ಮಾಡಿ. ಅಪ್ಪ ಸುಮ್ಮನೆ ಕೂತಿರುವಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕತ್ತಿನ ಬುಡ ನೋಡಿ, ಎರಡು ಎಲುಬಿನ ನಡುವೆ ಗುಳಿ ಇರುತ್ತದಲ್ವಾ, ಅದು. ಉಸಿರು ಎಳೆದಾಗ ಆ ಗುಳಿ ಒಳಕ್ಕೆ ಸೆಳೆಯುತ್ತದಾ? ಸೆಳೆಯುತ್ತಿದ್ದರೆ ನಾಳೆ ಅನ್ನಬೇಡಿ. ಮಾತನಾಡಲು ಆಗದಷ್ಟು ಏದುಸಿರು, ತುಟಿ ನೀಲಿ, ವಿಪರೀತ ತಳಮಳ, ಇದ್ದಕ್ಕಿದ್ದಂತೆ ಮಂಪರು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸಿದರೆ ಸಮಾಧಾನ ಪಡಬೇಡಿ. ಮೇಲಿನ ದಾರಿ ಕಿರಿದಾದಾಗ ಆ ಸಂಖ್ಯೆ ಕೊನೆಗೆ ಬೀಳುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ.

ಹುಬ್ಬಳ್ಳಿ_ಮಗ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಅವ್ವನಿಗೆ ಇದೇ ಆಗಿತ್ತು, ಇಸವಿ 2021. ಲಕ್ವ, ವೆಂಟಿಲೇಟರ್, ಟ್ರೆಕಿಯೋಸ್ಟಮಿ, ಎಲ್ಲಾ ಇದೇ ಕ್ರಮ. ಪೈಪ್ ತೆಗೆದು ಒಂದೂವರೆ ತಿಂಗಳಿಗೆ ಶಬ್ದ ಶುರುವಾಯಿತು. ನಾವು 5 ವಾರ ಇನ್‌ಹೇಲರ್, ನೆಬ್ಯುಲೈಸರ್, ಆಂಟಿಬಯಾಟಿಕ್ ಅಂತ ಕಳೆದೆವು. ಮೂರು ಕಡೆ ತೋರಿಸಿದೆವು, ಮೂರು ಕಡೆಯೂ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಎದೆಯ ಎಕ್ಸ್‌ರೇ ತೆಗೆದರು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಕತ್ತಿನೊಳಗೆ ಯಾರೂ ಇಣುಕಿ ನೋಡಲಿಲ್ಲ. ಒಂದು ರಾತ್ರಿ 2 ಗಂಟೆಗೆ ಅವ್ವ ಹಾಸಿಗೆ ಮೇಲೆ ಎದ್ದು ಕೂತು ಎರಡೂ ಕೈಯಿಂದ ನನ್ನ ತೋಳು ಹಿಡಿದಳು, ಮಾತು ಬರಲಿಲ್ಲ. ಆ ಹಿಡಿತ ಇವತ್ತಿಗೂ ನೆನಪಿದೆ.

ಕೊನೆಗೆ ಇಎನ್‌ಟಿ ಡಾಕ್ಟರು ತೆಳ್ಳನೆಯ ಕ್ಯಾಮೆರಾ ಬಿಟ್ಟು ನೋಡಿದಾಗ ಶ್ವಾಸನಾಳ ಒಂದು ಕಡೆ ಪೆನ್ಸಿಲ್ ಗಾತ್ರಕ್ಕಿಂತ ಕಿರಿದಾಗಿತ್ತು. ಪೈಪ್ ಒತ್ತಿದ ಜಾಗದಲ್ಲಿ ಗಾಯ ಆಗಿರುತ್ತದಂತೆ. ಆ ಗಾಯ ಮಾಯುವಾಗ ಗಡುಸಾದ ಕಲೆ ಬೆಳೆದು ಉಂಗುರದ ಹಾಗೆ ಸುತ್ತ ಬಿಗಿಯುತ್ತದೆ. ಅದಕ್ಕೇ ಪೈಪ್ ತೆಗೆದ ದಿನ ಚೆನ್ನಾಗಿದ್ದವರು ವಾರಗಳು ಕಳೆದ ಮೇಲೆ ಕೆಡುತ್ತಾರೆ.

ಇನ್ನೊಂದು ಮಾತು, ಇದು ನನಗೆ ಆಮೇಲೆ ಗೊತ್ತಾಗಿದ್ದು. ದೊಡ್ಡವರ ಶ್ವಾಸನಾಳ ಸುಮಾರು 2 ಸೆಂಟಿಮೀಟರ್ ಅಗಲ. ಅದು 8 ಮಿಲಿಮೀಟರ್ ಆಸುಪಾಸಿಗೆ ಇಳಿದಾಗ ನಡೆದರೆ ಏದುಸಿರು, 5 ಮಿಲಿಮೀಟರ್‌ಗೆ ಬಂದಾಗ ಕೂತಲ್ಲೇ ಶಬ್ದ. ಲಕ್ವ ಆದವರು ಮೆಟ್ಟಿಲು ಹತ್ತುವುದಿಲ್ಲ, ಅಂಗಡಿಗೆ ಹೋಗುವುದಿಲ್ಲ. ಹಾಗಾಗಿ ಮೊದಲ ಎಚ್ಚರಿಕೆ ಯಾರಿಗೂ ಕಾಣುವುದೇ ಇಲ್ಲ. ಶಬ್ದ ಕೇಳುವ ಹೊತ್ತಿಗೆ ದಾರಿ ಬಹಳ ಸಣ್ಣದಾಗಿರುತ್ತದೆ. ಅಣ್ಣ, ಇವತ್ತೇ ಹೊರಡಿ. ದೊಡ್ಡ ಆಸ್ಪತ್ರೆಗೇ ಹೋಗಿ, ಇಎನ್‌ಟಿ ಮತ್ತು ಅರಿವಳಿಕೆ ತಜ್ಞರು ಇಬ್ಬರೂ ಇರುವ ಕಡೆಗೆ.

ತೋಟದಮನೆ

ಗುಳಿ ನೋಡಿದೆ. ಸೆಳೆಯುತ್ತದೆ. ಇಷ್ಟು ದಿನ ಕಣ್ಣೆದುರೇ ಇತ್ತು, ಅಪ್ಪ ಸಣ್ಣಗಾಗಿದ್ದಾರೆ ಅದಕ್ಕೆ ಹಾಗೆ ಕಾಣುತ್ತದೆ ಅಂದುಕೊಂಡಿದ್ದೆ. ಕಾರು ಹೇಳಿದ್ದೇನೆ, ಬೆಂಗಳೂರಿಗೆ ಹೊರಡುತ್ತಿದ್ದೇವೆ. ದಾರಿಯಲ್ಲಿ ಮಲಗಿಸಬೇಕಾ ಕೂರಿಸಬೇಕಾ?

ಐಸಿಯು_ಸಿಸ್ಟರ್

ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ. ದಾರಿಯಲ್ಲಿ ಬಾಯಿಗೆ ಏನೂ ಕೊಡಬೇಡಿ, ನೀರೂ ಬೇಡ. ಟ್ರೆಕಿಯೋಸ್ಟಮಿ ಮಾಡಿದ ಡಿಸ್ಚಾರ್ಜ್ ಕಾರ್ಡ್ ಕೈಯಲ್ಲೇ ಇರಲಿ. ಕೌಂಟರಿನಲ್ಲಿ ಮೊದಲ ಮಾತೇ ಇದು: "ಟ್ರೆಕಿಯೋಸ್ಟಮಿ ತೆಗೆದು 2 ತಿಂಗಳು, ಈಗ ಉಸಿರೆಳೆಯುವಾಗ ಶಬ್ದ." ಬರೀ "ದಮ್ಮು" ಎಂದರೆ ಮತ್ತೆ ನೆಬ್ಯುಲೈಸರ್ ಹಾಕಿ ಕೂರಿಸುತ್ತಾರೆ. ದಾರಿಯಲ್ಲಿ ಶಬ್ದ ಜಾಸ್ತಿ ಆದರೆ ಬೆಂಗಳೂರಿನವರೆಗೆ ಕಾಯಬೇಡಿ, ತುಮಕೂರಿನಲ್ಲೇ ಎಮರ್ಜೆನ್ಸಿಗೆ ನುಗ್ಗಿ.

ಬೆಳಗಾವಿ_ಸೊಸೆ

ಇವರು ಕ್ಷೇಮವಾಗಿ ತಲುಪಲಿ. ನಾನು ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅತ್ತೆಗೂ ಲಕ್ವ ಆಗಿದೆ, ಮೂಗಿನ ಪೈಪ್ ಇನ್ನೂ ಇದೆ. ನೆಂಟರು ಬಂದಾಗೆಲ್ಲ "ಪಾಪ, ಬಾಯಾರಿದೆ, ಒಂದು ಚಮಚ ನೀರು ಬಾಯಿಗೆ ಹಾಕು" ಎನ್ನುತ್ತಾರೆ. ಹಾಕಿದರೆ ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಸರಿಯಾಗಿ ನುಂಗಿದ್ದಾರೆ ಎಂದು ತಾನೇ ಅರ್ಥ?

ಮೈಸೂರು_ಸ್ಪೀಚ್

ಬೆಳಗಾವಿ ಅಕ್ಕ, ಇಲ್ಲ. ಇದನ್ನು ನಾನು ದಿನಾ ಯಾರಿಗಾದರೂ ಹೇಳುತ್ತಲೇ ಇರುತ್ತೇನೆ. ನಾನು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರು ಅಂತಷ್ಟೇ ಜನ ತಿಳಿದಿದ್ದಾರೆ, ನುಂಗುವುದನ್ನು ಪರೀಕ್ಷೆ ಮಾಡಿ ಕಲಿಸುವುದೂ ನಮ್ಮ ಕೆಲಸವೇ.

ಗಂಟಲಲ್ಲಿ ಎರಡು ದಾರಿ ಅಕ್ಕಪಕ್ಕ ಇವೆ. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೆ ಏರಿ ಗಾಳಿಯ ಬಾಗಿಲು ಮುಚ್ಚಬೇಕು. ಲಕ್ವ ಆದಾಗ, ಅದರಲ್ಲೂ ಮೆದುಳಿನ ಬುಡದಲ್ಲಿ ಆದಾಗ, ಈ ಬಾಗಿಲು ತಡವಾಗಿ ಅಥವಾ ಅರ್ಧ ಮಾತ್ರ ಮುಚ್ಚುತ್ತದೆ. ಕೆಮ್ಮು ಎಬ್ಬಿಸುವ ನರವೂ ಮಂಕಾಗಿದ್ದರೆ ನೀರು ಶ್ವಾಸನಾಳಕ್ಕೆ ಇಳಿದರೂ ರೋಗಿಗೆ ಗೊತ್ತಾಗುವುದಿಲ್ಲ. ಕೆಮ್ಮಲಿಲ್ಲ ಎಂದರೆ ಕ್ಷೇಮ ಎಂದಲ್ಲ. ಲಕ್ವ ಆದ ಹೊಸತರಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ನುಂಗುವ ತೊಂದರೆ ಇರುತ್ತದೆ. ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಸುಧಾರಿಸುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ.

ತೋಟದಮನೆಯವರು ಬರೆದ ಆ "ಸಾಕು" ಇದೆಯಲ್ಲ, ಬಾಯಿ ತುಂಬ ನೀರಿಟ್ಟುಕೊಂಡ ಹಾಗೆ, ನಾವು ಅದನ್ನೇ ಒದ್ದೆ ದನಿ ಎನ್ನುತ್ತೇವೆ. ಧ್ವನಿತಂತುಗಳ ಮೇಲೆ ನೀರು ನಿಂತಿದೆ ಎಂದು ಅರ್ಥ. ಗುಟುಕು ಕುಡಿಸಿದ ಮೇಲೆ "ಆ" ಅನ್ನಿಸಿ ಕೇಳಿ. ದನಿ ಒದ್ದೆಯಾದರೆ ಅಲ್ಲಿಗೆ ನಿಲ್ಲಿಸಿ. ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು, ಕೆನ್ನೆಯಲ್ಲಿ ಅನ್ನ ಉಳಿಯುವುದು, ಕಾರಣವಿಲ್ಲದೆ ಸಂಜೆ ಜ್ವರ, ಸುಮ್ಮನೆ ತೂಕ ಇಳಿಯುವುದು, ಇವೆಲ್ಲ ಅದೇ ಕಥೆಯ ತುಂಡುಗಳು.

ಪೈಪ್ ಇರುವಾಗ ಪರೀಕ್ಷೆ ಆಗದೆ ಬಾಯಿಗೆ ಏನೂ ಹಾಕಬೇಡಿ. ಆದರೆ ಬಾಯಿ ಮಾತ್ರ ದಿನಕ್ಕೆ ಎರಡು ಮೂರು ಸಲ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ, ನೀರು ಬಾಯಲ್ಲಿ ನಿಲ್ಲದ ಹಾಗೆ. ಶ್ವಾಸಕೋಶಕ್ಕೆ ಇಳಿಯುವ ಎಂಜಲು ಎಷ್ಟು ಕೊಳಕೋ ನ್ಯುಮೋನಿಯಾ ಅಪಾಯ ಅಷ್ಟು ಜಾಸ್ತಿ. ಕಟ್ಟಿದ ಹಲ್ಲು ಇದ್ದರೆ ರಾತ್ರಿ ತೆಗೆದಿಡಿ. ಪೈಪಿನಲ್ಲಿ ಗಂಜಿ ಕೊಡುವಾಗ ತಲೆ ಕಡೆ ಎತ್ತರ ಮಾಡಿ, ಕೊಟ್ಟ ಮೇಲೆ ಒಂದು ಗಂಟೆ ಹಾಗೇ ಇರಲಿ.

ಬೆಳಗಾವಿ_ಸೊಸೆ

ಓದಿ ಕೈ ನಡುಗಿತು. ನಿನ್ನೆಯೂ ಮೂರು ಚಮಚ ಹಾಕಿದ್ದೆ. ಇನ್ನು ಯಾರು ಹೇಳಿದರೂ ಹಾಕುವುದಿಲ್ಲ, ನೆಂಟರಿಗೆ ಈ ಪೋಸ್ಟ್ ತೋರಿಸುತ್ತೇನೆ. ಮಾತ್ರೆಗಳನ್ನು ಪುಡಿ ಮಾಡಿ ಪೈಪಿನಲ್ಲಿ ಹಾಕುತ್ತೇವೆ, ಅದು ಸರೀನಾ?

ಐಸಿಯು_ಸಿಸ್ಟರ್

ಎಲ್ಲವನ್ನೂ ಪುಡಿ ಮಾಡುವ ಹಾಗಿಲ್ಲ. ನಿಧಾನವಾಗಿ ಕರಗುವ ಮಾತ್ರೆಗಳು (ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಇರುತ್ತದೆ) ಮತ್ತು ಹೊಟ್ಟೆಯಲ್ಲಿ ಕರಗದಂತೆ ಹೊದಿಕೆ ಇರುವ ಮಾತ್ರೆಗಳನ್ನು ಪುಡಿ ಮಾಡಬಾರದು. ಇಡೀ ದಿನದ ಬಿಪಿ ಔಷಧಿ ಒಂದೇ ಏಟಿಗೆ ಇಳಿದರೆ ಬಿಪಿ ಧಡಕ್ಕನೆ ಬೀಳುತ್ತದೆ. ಮಾತ್ರೆ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ, "ಪೈಪಿನಲ್ಲಿ ಕೊಡುತ್ತಿದ್ದೇವೆ, ಬದಲಿ ಬರೆದುಕೊಡಿ" ಎಂದು ಕೇಳಿ. ಬಹಳಷ್ಟಕ್ಕೆ ಬದಲಿ ಇದೆ.

ಔಷಧಿ_ಅಂಗಡಿ

ಒಂದು ಸಣ್ಣ ವಿಷಯ. ರಾಮಿಪ್ರಿಲ್, ಎನಾಲಾಪ್ರಿಲ್ ಥರದ ಬಿಪಿ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಊಟಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ, ದಿನವಿಡೀ ಕೆರೆಯುತ್ತದೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಲಕ್ವ ಆದವರು ಬಿಪಿ ಮಾತ್ರೆ ಒಂದು ವಾರ ಬಿಟ್ಟರೂ ಅಪಾಯ.

ತೋಟದಮನೆ (4 ದಿನ ಬಿಟ್ಟು)

ಬದುಕಿದ್ದೇವೆ ಅಂತ ಮೊದಲು ಹೇಳಿಬಿಡುತ್ತೇನೆ. ಅಂದು ರಾತ್ರಿ 10ಕ್ಕೆ ತಲುಪಿದೆವು. ಸಿಸ್ಟರ್ ಹೇಳಿಕೊಟ್ಟ ಮಾತನ್ನೇ ಕೌಂಟರಿನಲ್ಲಿ ಹೇಳಿದೆ. ಹೇಳಿದ ತಕ್ಷಣ ಆ ಹುಡುಗ ಪೆನ್ನು ಕೆಳಗಿಟ್ಟು ಒಳಗೆ ಓಡಿದ.

ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿದರು. ನನಗೂ ಪರದೆ ತೋರಿಸಿದರು. ಮೊದಲು ಧ್ವನಿತಂತುಗಳು ಕಂಡವು, ಬೆಳ್ಳಗೆ ಎರಡು ಪಟ್ಟಿ. ಅಪ್ಪ "ಈ" ಎಂದಾಗ ಬಲಗಡೆಯದು ಬಂದು ಸೇರಿತು, ಎಡಗಡೆಯದು ಅಲ್ಲೇ ನಿಂತಿತ್ತು. ಅದಕ್ಕೇ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ನೀರು ಜಾರುತ್ತದೆ ಎಂದರು. ಮರುದಿನ ಸಿಟಿ ಸ್ಕ್ಯಾನ್. ಹಳೆಯ ತೂತಿನ ಮಟ್ಟದಿಂದ ಸ್ವಲ್ಪ ಕೆಳಗೆ ಶ್ವಾಸನಾಳ 5 ಮಿಲಿಮೀಟರ್‌ಗೆ ಬಂದಿತ್ತು. ಹುಬ್ಬಳ್ಳಿ ಅಣ್ಣ, ನೀವು ಬರೆದ ಸಂಖ್ಯೆಯೇ. ಅಂದರೆ ತೊಂದರೆ ಒಂದಲ್ಲ, ಎರಡು. ಎಡಗಡೆಯ ಬಾಗಿಲು ಕೆಟ್ಟಿದ್ದು ಲಕ್ವದಿಂದ, ದಾರಿ ಕಿರಿದಾಗಿದ್ದು ಪೈಪಿನಿಂದ.

ಅರಿವಳಿಕೆ ಕೊಟ್ಟು ಒಳಗೆ ಬಲೂನ್ ಉಬ್ಬಿಸಿ ಅಗಲ ಮಾಡಿದ್ದಾರೆ. ಎಚ್ಚರವಾದ ಮೇಲೆ ಅಪ್ಪನ ಪಕ್ಕ ಕೂತೆ. ಏನೂ ಶಬ್ದ ಇರಲಿಲ್ಲ. ಉಸಿರಾಡುತ್ತಿದ್ದಾರಾ ಎಂದು ಎದೆ ಮೇಲೆ ಕೈ ಇಟ್ಟು ನೋಡಿದೆ, ಆ ಶಬ್ದ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಮತ್ತೆ ಕಿರಿದಾಗಬಹುದು, ಎರಡು ಮೂರು ಸಲ ಮಾಡಬೇಕಾಗಬಹುದು, ಹಾಗೂ ಆಗದಿದ್ದರೆ ಆ ತುಂಡನ್ನು ಕತ್ತರಿಸಿ ಜೋಡಿಸುವ ಆಪರೇಷನ್ ಇದೆ ಎಂದು ಹೇಳಿದ್ದಾರೆ. 3 ವಾರಕ್ಕೆ ಮತ್ತೆ ಬರಲು ಹೇಳಿದ್ದಾರೆ. ನೆಬ್ಯುಲೈಸರ್ ಕೊಟ್ಟ ಡಾಕ್ಟರ ಮೇಲೆ ಮೊದಲು ಬಹಳ ಸಿಟ್ಟು ಬಂತು. ಆದರೆ ಟ್ರೆಕಿಯೋಸ್ಟಮಿಯ ಕಾಗದವನ್ನು ನಾನೂ ಅವರಿಗೆ ತೋರಿಸಿರಲಿಲ್ಲ.

ಹುಬ್ಬಳ್ಳಿ_ಮಗ

ಓದಿ ಕಣ್ಣು ತುಂಬಿ ಬಂತು ಅಣ್ಣ. ನಮ್ಮ ಅವ್ವನಿಗೆ ಮೂರು ಸಲ ಬಲೂನ್ ಮಾಡಿದರು, ಆಮೇಲೆ ನಿಂತಿತು. 3 ವಾರ ಅಂದರೆ 3 ವಾರಕ್ಕೇ ಹೋಗಿ. ಚೆನ್ನಾಗಿದ್ದಾರೆ, ಕೊಯ್ಲು ಮುಗಿಸಿಕೊಂಡು ಹೋದರಾಯಿತು ಅಂತ ಮುಂದೂಡಬೇಡಿ.

ಗೊರಕೆ_ಮನೆ

ಉಸಿರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನನ್ನ ಯಜಮಾನರು ಲಕ್ವ ಆದ ಮೇಲೆ ರಾತ್ರಿ ಜೋರು ಗೊರಕೆ ಹೊಡೆಯುತ್ತಿದ್ದರು, ನಡುನಡುವೆ ಉಸಿರು ಪೂರ್ತಿ ನಿಂತು ಆಮೇಲೆ ಬೆಚ್ಚಿ ಎಳೆಯುತ್ತಿದ್ದರು. ಮಲಗಿಸಿ ಪರೀಕ್ಷೆ ಮಾಡಿದರು, ಸ್ಲೀಪ್ ಆಪ್ನಿಯಾ. ಲಕ್ವ ಆದವರಲ್ಲಿ ಇದು ಬಹಳ ಸಾಮಾನ್ಯವಂತೆ. ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ, ಹಗಲು ತೂಕಡಿಕೆ ಕಮ್ಮಿಯಾಗಿ ಫಿಸಿಯೋಥೆರಪಿಗೆ ಮನಸ್ಸು ಬರುತ್ತಿದೆ. ಅಪ್ಪನ ಪಕ್ಕ ಒಂದು ರಾತ್ರಿ ಎದ್ದು ಕೂತು ಗಮನಿಸಿ.

ತೋಟದಮನೆ

ಆಗಲಿ ಮೇಡಂ, ನೋಡುತ್ತೇನೆ. ಮೈಸೂರು ಮೇಡಂಗೆ ಒಂದು ಪ್ರಶ್ನೆ. ಇಲ್ಲಿ ಸ್ಪೀಚ್ ಥೆರಪಿಸ್ಟ್ ಬಂದು ನೋಡಿ "ತೆಳು ಬೇಡ, ಸ್ವಲ್ಪ ಗಟ್ಟಿ, 2ನೇ ಮಟ್ಟ" ಎಂದು ಬರೆದುಕೊಟ್ಟರು. ಮನೆಯಲ್ಲಿ ಅಮ್ಮ ರಾಗಿ ಗಂಜಿ, ಸಾರು ಅನ್ನ ಮಾಡುತ್ತಾರೆ. ಗಟ್ಟಿ ಅಂದರೆ ಎಷ್ಟು ಗಟ್ಟಿ?

ಮೈಸೂರು_ಸ್ಪೀಚ್

ಒಳ್ಳೆಯ ಪ್ರಶ್ನೆ. ಈ ಮಟ್ಟಗಳು 0 ಯಿಂದ 7ರವರೆಗೆ ಇವೆ, ಎಲ್ಲಾ ದೇಶಗಳಿಗೂ ಒಂದೇ ಅಳತೆ ಇರಲಿ ಎಂದು ಮಾಡಿದ್ದು. ನೀರು 0. ಮನೆಯಲ್ಲೇ ಅಳೆಯಬಹುದು. 10 ಎಂಎಲ್ ಸಿರಿಂಜ್ ತೆಗೆದುಕೊಳ್ಳಿ, 0 ಯಿಂದ 10ರ ಗೆರೆವರೆಗೆ ಉದ್ದ 61.5 ಮಿಲಿಮೀಟರ್ ಇರಬೇಕು. ಒತ್ತುವ ಕಡ್ಡಿ ತೆಗೆಯಿರಿ, ಸೂಜಿ ಬೇಡ. ಕೆಳಗಿನ ತುದಿಗೆ ಬೆರಳಿಟ್ಟು 10ರ ಗೆರೆವರೆಗೆ ಗಂಜಿ ಹಾಕಿ. ಬೆರಳು ಬಿಡಿ, ಸರಿಯಾಗಿ 10 ಸೆಕೆಂಡ್‌ಗೆ ಮತ್ತೆ ಮುಚ್ಚಿ. ಒಳಗೆ 4ರಿಂದ 8 ಎಂಎಲ್ ಉಳಿದರೆ ಅದು 2ನೇ ಮಟ್ಟ. 1ಕ್ಕಿಂತ ಕಮ್ಮಿ ಉಳಿದರೆ ನೀರಿನ ಹಾಗೇ ತೆಳು.

ಕುಡಿಯುವ ಹೊತ್ತಿನ ಬಿಸಿಯಲ್ಲೇ ಅಳೆಯಿರಿ. ರಾಗಿ ಗಂಜಿ ಬಿಸಿಯಲ್ಲಿ ತೆಳು, ಆರಿದರೆ ಗಟ್ಟಿ. ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಬಟ್ಟಲಲ್ಲಿ ಗಟ್ಟಿ ಇದ್ದ ಗಂಜಿ ಊಟದ ಕೊನೆಗೆ ನೀರಾಗಿರುತ್ತದೆ. ಎಂಜಲು ಚಮಚ ಮತ್ತೆ ಮತ್ತೆ ಅದ್ದುತ್ತೇವಲ್ವಾ, ಎಂಜಲು ಪಿಷ್ಟವನ್ನು ಒಡೆಯುತ್ತದೆ. ಕೊನೆಯ ನಾಲ್ಕು ಚಮಚಕ್ಕೇ ಕೆಮ್ಮು ಬರುತ್ತಿದ್ದರೆ ಇದೂ ಕಾರಣ ಇರಬಹುದು. ಸ್ವಲ್ಪ ಸ್ವಲ್ಪ ಸಣ್ಣ ಬಟ್ಟಲಿಗೆ ಹಾಕಿಕೊಂಡು ಕೊಡಿ.

ಸಾರು ಅನ್ನ ಸದ್ಯಕ್ಕೆ ಬೇಡ. ಬಾಯಲ್ಲಿ ಅನ್ನ ಅಗಿಯುವಷ್ಟರಲ್ಲಿ ಸಾರು ಮುಂದೆ ಜಾರಿ ಗಂಟಲಿಗೆ ಬಿದ್ದಿರುತ್ತದೆ. ಮುದ್ದೆ ಅಂಟುತ್ತದೆ, ಉಪ್ಪಿಟ್ಟು ಮತ್ತು ಅವಲಕ್ಕಿ ಪುಡಿಪುಡಿಯಾಗಿ ಉದುರುತ್ತವೆ. ನುಣ್ಣಗೆ ಅರೆದ ಬೇಳೆ ಅನ್ನ, ಗಟ್ಟಿ ಮೊಸರು, ಕಲಸಿದ ಪಪ್ಪಾಯಿ ಬಗ್ಗೆ ನಿಮ್ಮ ಥೆರಪಿಸ್ಟ್ ಹತ್ತಿರ ಕೇಳಿ. ತಲೆ ಬಗ್ಗಿಸಿ ನುಂಗುವುದು, ತಲೆಯನ್ನು ಸೋತ ಕಡೆಗೆ ತಿರುಗಿಸಿ ನುಂಗುವುದು, ಇವು ಕೆಲವರಿಗೆ ಒಳ್ಳೆಯದು, ಕೆಲವರಿಗೆ ಕೆಡುಕು. ಕ್ಯಾಮೆರಾದಲ್ಲೋ ಬೇರಿಯಂ ಎಕ್ಸ್‌ರೇಯಲ್ಲೋ ನೋಡಿ ಹೇಳಿದರೆ ಮಾತ್ರ ಮಾಡಿ. ಗಟ್ಟಿ ದ್ರವ ಜನ ಇಷ್ಟಪಡುವುದಿಲ್ಲ, ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದು ತಿಳಿಯಿರಿ.

ಮೈಸೂರಿಗೆ ಬರಲು ಸಾಧ್ಯವಿದ್ದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ತಿಪಟೂರಿನಿಂದ ದಿನದಲ್ಲಿ ಹೋಗಿ ಬರಬಹುದು.

ತೋಟದಮನೆ (6 ವಾರ ಬಿಟ್ಟು)

ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ. ಎರಡನೇ ಬಲೂನ್ ಆಯಿತು, 3 ವಾರಕ್ಕೇ ಹೋಗಿದ್ದೆವು. ಒಳಗೆ ಮತ್ತೆ ಸ್ವಲ್ಪ ಕಿರಿದಾಗಿತ್ತು, ಹೊರಗೆ ನಮಗೆ ಏನೂ ಕೇಳಿಸುತ್ತಿರಲಿಲ್ಲ. ಸಂಜೆ ಜ್ವರ ನಿಂತಿದೆ. ತೂಕ 2 ಕೆಜಿ ಏರಿದೆ. ದನಿ ಇನ್ನೂ ಗಾಳಿ ಬೆರೆತ ಹಾಗೆ ಇದೆ, ಅದಕ್ಕೆ ಸಮಯ ಬೇಕು ಎಂದಿದ್ದಾರೆ.

ಮನೆಗೆ ಬಂದವರೆಲ್ಲ ಎಳನೀರು ತರುತ್ತಿದ್ದರು. ತೆಂಗಿನ ಊರಲ್ಲಿ ಇನ್ನೇನು ತರುತ್ತಾರೆ. ಅಪ್ಪ ಅದನ್ನೇ ನೋಡುತ್ತಾ ಕೂರುತ್ತಿದ್ದರು, ಕೊಡುವ ಹಾಗಿರಲಿಲ್ಲ. ಮೈಸೂರಿನಲ್ಲಿ ಇದನ್ನು ಹೇಳಿದಾಗ ಅಲ್ಲಿಯವರು "ಒಳಗಿನ ಗಂಜಿಯನ್ನೂ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ, ಸೋಸಿ, ಸಿರಿಂಜ್‌ನಲ್ಲಿ ಅಳೆದು ಕೊಡಿ" ಎಂದರು. ಮೊದಲ ಸಲ 3 ಎಂಎಲ್ ಉಳಿಯಿತು, ತೆಳುವಾಯಿತು. ಇನ್ನೊಂದು ಕಾಯಿಯ ಗಂಜಿ ಹಾಕಿದೆ. 6 ಉಳಿಯಿತು.

ಭಾನುವಾರ ಜಗಲಿಯಲ್ಲಿ ಕೂರಿಸಿ ಅರ್ಧ ಲೋಟ ಕೊಟ್ಟೆ, ಚಮಚದಲ್ಲಿ, ಒಂದೊಂದೇ. ಪ್ರತಿ ಚಮಚಕ್ಕೂ "ಆ" ಅನ್ನಿಸಿದೆ. ದನಿ ಒಣಗಿಯೇ ಇತ್ತು. ಲೋಟ ಖಾಲಿ ಆದ ಮೇಲೆ ಅಪ್ಪ "ಯಾವ ಮರದ್ದು?" ಎಂದು ಕೇಳಿದರು. ಬಾವಿ ಪಕ್ಕದ್ದು ಎಂದೆ.